ಮನೆಶಾಲೆಯ ಮಕ್ಕಳಿಗೆ ಕನ್ನಡದ ಪಾಠಕ್ರಮ



ಮಕ್ಕಳ ಶಿಕ್ಷಣದ ಬಗ್ಗೆ ವರ್ಷಕ್ಕೊಮ್ಮೆಯಾದರೂ ನಾಲ್ಕು ಜನ ಕೂತು ಯೋಚಿಸಬೇಕು ಎಂಬುದು ಈ ಉಪನ್ಯಾಸಕ್ಕೆ ದತ್ತಿ ಇಟ್ಟವರ ಆಸೆ. ಅವರ ಆಸೆಗೆ ಮೊದಲು ನನ್ನ ನಮಸ್ಕಾರ. ಶಾಲೆಯ ಬಗ್ಗೆ ಮಾತಾಡುವವರು ಬಹಳ ಜನ ಇದ್ದಾರೆ. ನಾನು ಇವತ್ತು ಶಾಲೆಗೆ ಹೋಗದೆ ಮನೆಯಲ್ಲೇ ಕಲಿಯುತ್ತಿರುವ ಮಕ್ಕಳನ್ನು ಮಾತಿಗೆ ತೆಗೆದುಕೊಂಡಿದ್ದೇನೆ. ಅದರಲ್ಲೂ ಅವರ ಭಾಷೆಯ ಕಲಿಕೆಯನ್ನು ಮಾತ್ರ. ಮಗುವನ್ನು ಶಾಲೆಗೆ ಕಳಿಸಬೇಕೋ ಬೇಡವೋ ಎಂಬ ಜಗಳಕ್ಕೆ ನಾನು ಹೋಗುವುದಿಲ್ಲ. ಮನೆಯಲ್ಲಿ ಕಲಿಸುತ್ತೇವೆಂದು ತೀರ್ಮಾನಿಸಿದ ಮೇಲೆ ಕನ್ನಡವನ್ನು ಹೇಗೆ ಯೋಜಿಸಬೇಕು ಎಂಬುದಷ್ಟೇ ನನ್ನ ವಿಷಯ.

ಇಂಥ ಮನೆಗಳಲ್ಲಿ ಗಣಿತಕ್ಕೆ ಒಂದು ಪಠ್ಯಸರಣಿ ಇರುತ್ತದೆ. ಇಂಗ್ಲಿಷಿಗೆ ಫೋನಿಕ್ಸ್ ಪುಸ್ತಕ, ಮಟ್ಟಕ್ಕೆ ತಕ್ಕಂತೆ ಜೋಡಿಸಿದ ಕಥೆಪುಸ್ತಕ, ವ್ಯಾಕರಣದ ವರ್ಕ್‌ಬುಕ್ಕು, ಎಲ್ಲವೂ ಇರುತ್ತವೆ. ಕನ್ನಡಕ್ಕೆ ಏನು ಮಾಡಿದ್ದೀರಿ ಎಂದು ಕೇಳಿದರೆ, ‘ಮನೇಲಿ ಮಾತಾಡ್ತೀವಲ್ಲ, ಅದು ತಾನಾಗೇ ಬರುತ್ತೆ’ ಎನ್ನುತ್ತಾರೆ. ನನ್ನ ಇಡೀ ಉಪನ್ಯಾಸ ಈ ಒಂದು ಮಾತಿಗೆ ಉತ್ತರ. ತಾನಾಗೇ ಬರುವುದು ಮಾತು ಮಾತ್ರ. ಓದು, ಬರಹ ಎರಡನ್ನೂ ಕಲಿಸಿಯೇ ತರಬೇಕು. ಆದ್ದರಿಂದ ಮನೆಶಾಲೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಯೋಜನೆ ಬೇಕಾದ ವಿಷಯ ಕನ್ನಡವೇ.

ಕಾನೂನಿನ ನೆಲೆ

ಕಾನೂನಿನ ಪ್ರಶ್ನೆ ಸಭೆಯಲ್ಲಿ ಎದ್ದೇ ಏಳುತ್ತದೆ; ಅದನ್ನು ಮೊದಲೇ ಮುಗಿಸಿಬಿಡುತ್ತೇನೆ. ಸಂವಿಧಾನದ 2002ರ 86ನೇ ತಿದ್ದುಪಡಿಯಿಂದ 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣ ಮೂಲಭೂತ ಹಕ್ಕಾಯಿತು. ಅದನ್ನು ಜಾರಿಗೆ ತರಲು ಬಂದ 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ನಡೆಯುತ್ತಿದೆ. ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ತಂದೆತಾಯಿಗಳ ಕರ್ತವ್ಯ ಎಂದು ಅದರ 10ನೇ ಸೆಕ್ಷನ್ ಹೇಳುತ್ತದೆ. ಮನೆಶಿಕ್ಷಣದ ಪ್ರಸ್ತಾಪ ಕಾಯ್ದೆಯಲ್ಲಿ ಇಲ್ಲ. ಈ ದಾರಿ ಹಿಡಿಯುವವರು ಇದನ್ನು ತಿಳಿದುಕೊಂಡೇ ಹಿಡಿಯಬೇಕು.

ಪರೀಕ್ಷೆಯ ಬಾಗಿಲು ಮಾತ್ರ ತೆರೆದಿದೆ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್, 3, 5 ಮತ್ತು 8ನೇ ತರಗತಿಗೆ ಸಮನಾದ ಮೂರು ಹಂತಗಳನ್ನು ನಡೆಸುತ್ತದೆ. 14 ತುಂಬಿದ ಮೇಲೆ 10ನೇ ತರಗತಿಗೆ ನೋಂದಾಯಿಸಿಕೊಳ್ಳಬಹುದು. ಅಲ್ಲಿ ಕನಿಷ್ಠ ಒಂದು ಭಾಷೆ ಕಡ್ಡಾಯ. ಆಯ್ದುಕೊಳ್ಳುವ ಭಾಷೆಗಳಲ್ಲಿ ಕನ್ನಡವೂ ಇದೆ. ಅಂದರೆ ಮನೆಯಲ್ಲಿ ಕಲಿತ ಕನ್ನಡಕ್ಕೆ ಕೊನೆಯಲ್ಲಿ ಒಂದು ಪ್ರಮಾಣಪತ್ರದ ಬೆಲೆಯೂ ಸಿಗುತ್ತದೆ.

ಯೋಜನೆ ಏಕೆ ಬೇಕು

ಮೂರು ಕಾರಣ ಹೇಳುತ್ತೇನೆ.

ಮೊದಲನೆಯದು ನಮ್ಮ ಲಿಪಿ. ವರ್ಣಮಾಲೆಯಲ್ಲಿ 13 ಸ್ವರ, 2 ಯೋಗವಾಹ, 34 ವ್ಯಂಜನ, ಒಟ್ಟು 49. ಆದರೆ ಮಗು ಪುಟದ ಮೇಲೆ ನೋಡುವುದು 49 ಆಕಾರಗಳನ್ನಲ್ಲ. 34 ವ್ಯಂಜನಗಳಿಗೆ 13 ಸ್ವರ ಸೇರಿದರೆ 442 ರೂಪಗಳಾಗುತ್ತವೆ. ಒತ್ತಕ್ಷರಗಳು ಅದರ ಮೇಲೆ. ‘ಸೂರ್ಯ’ ಎಂಬಲ್ಲಿ ಕಿವಿಗೆ ಮೊದಲು ಕೇಳುವ ರಕಾರ ಕಣ್ಣಿಗೆ ಯಕಾರದ ಆಚೆ ಅರ್ಕಾವತ್ತಾಗಿ ಕಾಣುತ್ತದೆ. ‘ಅಂಗ’, ‘ಅಂಚು’, ‘ಅಂಬು’ ಎಂಬಲ್ಲಿ ಒಂದೇ ಸೊನ್ನೆ ಮೂರು ಬೇರೆ ಬೇರೆ ಅನುನಾಸಿಕಗಳಾಗಿ ಉಚ್ಚಾರವಾಗುತ್ತದೆ. ಬೆಂಗಳೂರಿನ ಸೊನಾಲಿ ನಾಗ್ ಅವರು ಕನ್ನಡ ಮಕ್ಕಳ ಓದಿನ ಬಗ್ಗೆ 2007ರಲ್ಲಿ ಪ್ರಕಟಿಸಿದ ಸಂಶೋಧನೆಯೂ ಇದನ್ನೇ ತೋರಿಸಿದೆ: ಇಂಗ್ಲಿಷ್ ಅಕ್ಷರಗಳ ಪರಿಚಯ ಬೇಗ ಮುಗಿಯುತ್ತದೆ, ಕನ್ನಡದ ಅಕ್ಷರಕಲಿಕೆ ಪ್ರಾಥಮಿಕ ಶಾಲೆಯ ನಡುವರ್ಷಗಳವರೆಗೂ ಸಾಗುತ್ತದೆ. ಒಂದೇ ವರ್ಷದಲ್ಲಿ ಕಾಗುಣಿತ ಮುಗಿಸಿ ‘ಇನ್ನು ಓದು’ ಎಂದುಬಿಟ್ಟರೆ ಮಗು ತಡವರಿಸುತ್ತದೆ. ಆ ತಡವರಿಕೆಯನ್ನು ನಾವು ದಡ್ಡತನವೆಂದು ತಿಳಿಯುತ್ತೇವೆ.

ಎರಡನೆಯದು ಆಡುಮಾತಿಗೂ ಪುಸ್ತಕದ ಮಾತಿಗೂ ಇರುವ ದೂರ. ಮಗು ಕೇಳುವುದು ‘ಬರ್ತೀನಿ’, ‘ಬರ್ತೇನೆ’, ‘ಬರ್ತೀನ್ರಿ’. ಪುಸ್ತಕದಲ್ಲಿರುವುದು ‘ಬರುತ್ತೇನೆ’. ಮಂಡ್ಯ ಸೀಮೆಯ ಮನೆಯಲ್ಲಿ ಹಕಾರ ಬಿದ್ದು ಹೋಗುತ್ತದೆ. ಬೇರೆ ಬೇರೆ ಸೀಮೆಗಳಲ್ಲಿ ಶಕಾರ, ಸಕಾರ, ಮಹಾಪ್ರಾಣಗಳು ಅಲ್ಲಿನ ರೂಢಿಯಂತೆ ನುಡಿಯುತ್ತವೆ. ಇದು ದೋಷವಲ್ಲ, ಅದು ಆ ನೆಲದ ಕನ್ನಡ. ಆದರೆ ಪುಸ್ತಕದ ಕನ್ನಡವನ್ನು ಮಗು ಕಿವಿಯಿಂದ ಮೊದಲೇ ಕೇಳಿರದಿದ್ದರೆ ಓದುವಾಗ ಆ ಕನ್ನಡವೇ ಅದಕ್ಕೆ ಪರಭಾಷೆಯಾಗುತ್ತದೆ.

ಮೂರನೆಯದು ಸುತ್ತಲಿನ ವಾತಾವರಣ. ಶಾಲೆಯಲ್ಲಾದರೆ ಕನ್ನಡಕ್ಕೊಂದು ಪೀರಿಯಡ್ ಇರುತ್ತದೆ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸಲೇಬೇಕೆನ್ನುತ್ತದೆ. ಮನೆಶಾಲೆಗೆ ಅಂಥ ಗಂಟೆಯೂ ಇಲ್ಲ, ಇನ್‌ಸ್ಪೆಕ್ಟರೂ ಇಲ್ಲ. ಕಾರ್ಟೂನು, ಆ್ಯಪು, ಅಪಾರ್ಟ್‌ಮೆಂಟಿನ ಆಟದ ಗೆಳೆಯರು, ಎಲ್ಲವೂ ಇಂಗ್ಲಿಷಿನ ಕಡೆ ಎಳೆಯುತ್ತವೆ. ತಂದೆತಾಯಿ ಬರೆದಿಟ್ಟುಕೊಂಡ ವೇಳಾಪಟ್ಟಿಯಲ್ಲಿ ಕನ್ನಡ ಇಲ್ಲದಿದ್ದರೆ ಅದು ಎಲ್ಲಿಯೂ ಇರುವುದಿಲ್ಲ. ಈ ಯೋಜನೆಯನ್ನು ಮಗುವಿನ ವಯಸ್ಸಿಗೆ ತಕ್ಕಂತೆ ನಾಲ್ಕು ಘಟ್ಟಗಳಲ್ಲಿ ಹೇಳುತ್ತೇನೆ.

ಮೊದಲ ಘಟ್ಟ: ಕಿವಿ, ನಾಲಿಗೆ

6 ವರ್ಷದವರೆಗೆ ಪುಸ್ತಕ ಹಿರಿಯರ ಕೈಯಲ್ಲಿರಲಿ. ಈ ಘಟ್ಟದ ಪಠ್ಯವೆಲ್ಲ ಕೇಳುವುದು, ಹಾಡುವುದು, ಹೇಳುವುದು. ಜಿ.ಪಿ. ರಾಜರತ್ನಂ ಅವರ ಮಕ್ಕಳ ಪದ್ಯಗಳು, ಪಂಜೆ ಮಂಗೇಶರಾಯರ ಹಾಡು, ಕಥೆಗಳು, ಒಗಟು, ಗಾದೆ, ಬೆರಳಾಟದ ಪ್ರಾಸಗಳು ದಿನವೂ ಇರಬೇಕು. ಪಂಜೆಯವರು ಶಾಲಾ ಮಾಸ್ತರರಾಗಿ, ಇನ್‌ಸ್ಪೆಕ್ಟರಾಗಿ ಮಕ್ಕಳ ನಡುವೆಯೇ ಕೆಲಸ ಮಾಡಿದವರು. ‘ಮೆಣಸಿನ ಕಾಳಪ್ಪ’, ‘ಇಲಿಗಳ ಥಕಥೈ’ಯಂಥ ಕಥೆಗಳು ಬಾಯಲ್ಲಿ ಹೇಳಲಿಕ್ಕೆಂದೇ ಬರೆದಂತಿವೆ.

ಪ್ರಾಸದ ಕೆಲಸ ಮನರಂಜನೆಗೆ ಮುಗಿಯುವುದಿಲ್ಲ. ಒಂದೇ ಸದ್ದಿನಲ್ಲಿ ಮುಗಿಯುವ ಎರಡು ಪದಗಳನ್ನು ಗುರುತಿಸಿದ ಮಗು ಪದದೊಳಗಿನ ಧ್ವನಿಯನ್ನು ಬಿಡಿಸಿ ಕೇಳಲು ಕಲಿತಂತೆ. ಮುಂದೆ ‘ಕ’ಕ್ಕೆ ಇಕಾರದ ಗುಡಿಸು, ಉಕಾರದ ಕೊಂಬು ಹತ್ತಿಸುವಾಗ ಈ ಕಿವಿಯೇ ನೆರವಿಗೆ ಬರುತ್ತದೆ. 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಮೌಖಿಕ ಭಾಷೆಯನ್ನು ಓದಿಗೆ ಸಮನಾದ ಒಂದು ವಿಭಾಗವಾಗಿಯೇ ಇಟ್ಟಿದೆ.

ಈ ಘಟ್ಟದಲ್ಲಿ ತಪ್ಪದೆ ನಡೆಯಬೇಕಾದದ್ದು ದಿನಕ್ಕೆ ಒಂದು ಸಲ ಗಟ್ಟಿಯಾಗಿ ಓದಿ ಹೇಳುವುದು. ಬಾಯಿಮಾತಿನ ಕಥೆ ಬೇರೆ, ಪುಸ್ತಕ ಹಿಡಿದು ಅದರಲ್ಲಿದ್ದ ಹಾಗೇ ಓದಿ ಹೇಳುವುದು ಬೇರೆ, ಎರಡೂ ಬೇಕು. ‘ಬರುತ್ತೇನೆ’ ಎಂಬ ರೂಪ ಮಗುವಿನ ಕಿವಿಗೆ ಬೀಳುವುದು ಎರಡನೆಯದರಿಂದ. ಪುಸ್ತಕಕ್ಕೆ ಹಣವಿಲ್ಲ ಎನ್ನುವ ಹಾಗೂ ಇಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರುಮಾಡಿದ ಸ್ಟೋರಿವೀವರ್‌ನಲ್ಲಿ ಚಿತ್ರಸಹಿತ ಕನ್ನಡ ಕಥೆಗಳು ಉಚಿತವಾಗಿ ಸಿಗುತ್ತವೆ, ಮಟ್ಟದ ಪ್ರಕಾರ ವಿಂಗಡಣೆಯೂ ಆಗಿದೆ.

ಎರಡನೇ ಘಟ್ಟ: ಅಕ್ಷರ

6ರಿಂದ 8 ಅಥವಾ 9. ಇಲ್ಲಿ ಬಹುಪಾಲು ಮನೆಗಳು ಅ, ಆ, ಇ, ಈಯಿಂದ ಹೊರಟು ಳಕಾರದವರೆಗೆ ಸಾಲಾಗಿ ಬರೆಸುತ್ತವೆ. ವರ್ಣಮಾಲೆಯ ಆ ಸಾಲು ಧ್ವನಿಶಾಸ್ತ್ರದ ದೃಷ್ಟಿಯಿಂದ ಅದ್ಭುತ; ಬಾಯಿಪಾಠಕ್ಕೆ ಅದೇ ಸರಿ. ಆದರೆ ಓದು ಕಲಿಸಲು ಅದು ನಿಧಾನದ ದಾರಿ. ಆ ದಾರಿಯಲ್ಲಿ ಬರುವ ಙ, ಞ ಒಂಟಿಯಾಗಿ ಯಾವ ಕಥೆಯಲ್ಲೂ ಸಿಗುವುದಿಲ್ಲ. ತಿಂಗಳುಗಟ್ಟಲೆ ಬರೆದರೂ ಮಗುವಿಗೆ ಓದಲು ಒಂದು ವಾಕ್ಯ ಸಿಗುವುದಿಲ್ಲ.

ಇದಕ್ಕೆ ಉತ್ತರ ನಮ್ಮ ಸರ್ಕಾರಿ ಶಾಲೆಗಳಲ್ಲೇ ಇದೆ. ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳ ಪ್ರಯೋಗ ನೋಡಿ ಬಂದ ಉಪಾಧ್ಯಾಯರು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ನಲಿ ಕಲಿ ಎಂಬ ಪದ್ಧತಿಯನ್ನು ಶುರುಮಾಡಿದರು. ಅದರ ಮೊದಲ ಅಕ್ಷರ ಗುಂಪು ‘ರ, ಗ, ಸ, ದ, ಅ’. ಈ ಐದೇ ಅಕ್ಷರ ಬಂದ ಮಗು ‘ಸರ’, ‘ಅರಸ’, ‘ಅಗಸ’, ‘ಗರಗಸ’, ‘ಗದಗ’ ಓದುತ್ತದೆ. ಎರಡನೇ ಗುಂಪು ‘ಜ, ವ, ಮ, ಬ, ನ’ ಸೇರಿದ ಕೂಡಲೇ ‘ಮರ’, ‘ಜನ’, ‘ವನ’, ‘ಬಸವ’, ‘ನಗರ’ ಬರುತ್ತವೆ. ಕಲಿತದ್ದು ಅದೇ ವಾರ ಓದಾಗಿ ಕೈಗೆ ಬರುತ್ತದೆ. ನಲಿ ಕಲಿಯ ಇನ್ನೊಂದು ಗುಣ, ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂತು ತಮ್ಮ ತಮ್ಮ ಮೆಟ್ಟಿಲಲ್ಲಿ ಮುಂದುವರಿಯುವುದು. ಅಕ್ಕ ತಮ್ಮ ಒಟ್ಟಿಗೆ ಕಲಿಯುವ ಮನೆಗೆ ಇದಕ್ಕಿಂತ ಹೊಂದುವ ಪದ್ಧತಿ ಇಲ್ಲ. ಹೊರದೇಶದ ಪ್ಯಾಕೇಜಿಗೆ ಸಾವಿರಾರು ರೂಪಾಯಿ ಕೊಡುವ ಮನೆಗಳು ಪಕ್ಕದ ಸರ್ಕಾರಿ ಶಾಲೆಯ ನಲಿ ಕಲಿ ಕೋಣೆಯನ್ನು ಒಮ್ಮೆ ಹೋಗಿ ನೋಡಬೇಕು.

ಅಕ್ಷರದ ನಂತರದ ಕ್ರಮವನ್ನು ಹೀಗಿಡಬಹುದು. ಮೊದಲು ಕಾಗುಣಿತದ ಚಿಹ್ನೆಗಳನ್ನು ಒಂದೊಂದಾಗಿ, ಪ್ರತಿಯೊಂದಕ್ಕೂ ಓದುವ ಪದಗಳ ಜೊತೆ. ಆಮೇಲೆ ಸಜಾತೀಯ ಒತ್ತು: ಅಕ್ಕ, ಅಣ್ಣ, ಅಪ್ಪ, ಅಮ್ಮ, ಅಜ್ಜ. ಇವು ಮನೆಯ ಪದಗಳೇ ಆದ್ದರಿಂದ ಮಗು ತಾನೇ ಊಹಿಸಿ ಓದುತ್ತದೆ. ಕೊನೆಗೆ ವಿಜಾತೀಯ ಒತ್ತು, ಅರ್ಕಾವತ್ತು, ಮಹಾಪ್ರಾಣ. ಇದಿಷ್ಟಕ್ಕೆ ಎರಡು ವರ್ಷ ಹಿಡಿದರೂ ಗಾಬರಿ ಬೇಡ. ಬರೆಸುವುದನ್ನು ದಿನಕ್ಕೆ 10-15 ನಿಮಿಷಕ್ಕೆ ನಿಲ್ಲಿಸಿ. ಪುಟ ತುಂಬಿಸುವುದಕ್ಕಿಂತ ಮೂರು ಸಾಲು ದುಂಡಗೆ ಬರೆಯುವುದು ಮೇಲು. ಗಟ್ಟಿ ಓದಿ ಹೇಳುವುದು ಈ ಘಟ್ಟದಲ್ಲೂ ನಿಲ್ಲಬಾರದು. ಮಗು ಓದಬಲ್ಲದ್ದು ‘ಬಸವನ ಸರ’, ಮಗು ಅರಿಯಬಲ್ಲದ್ದು ಇಡೀ ರಾಮಾಯಣ. ಆ ಅಂತರವನ್ನು ತುಂಬುವುದು ಹಿರಿಯರ ದನಿ.

ಮೂರನೇ ಘಟ್ಟ: ಓದು, ಮರುಹೇಳಿಕೆ

ಮನೆಶಾಲೆಯ ಚಳವಳಿಯಲ್ಲಿ ಷಾರ್ಲಟ್ ಮೇಸನ್ ಎಂಬ ಇಂಗ್ಲೆಂಡಿನ ಶಿಕ್ಷಕಿಯ ಹೆಸರು ಬಹಳ ಕೇಳಿಬರುತ್ತದೆ. ಅವರ ಕಾಲ 1842ರಿಂದ 1923. ಅವರ ‘ಹೋಂ ಎಜುಕೇಷನ್’ 1886ರಲ್ಲಿ ಬಂತು. ಅವರ ಪದ್ಧತಿಯ ಜೀವಾಳ ಒಂದೇ: ಒಳ್ಳೆಯ ಪುಸ್ತಕದ ಒಂದು ಭಾಗವನ್ನು ಒಂದೇ ಸಲ ಓದಿ ಹೇಳಬೇಕು, ಮಗು ಅದನ್ನು ತನ್ನ ಮಾತಿನಲ್ಲಿ ಮರಳಿ ಹೇಳಬೇಕು. 6ನೇ ವಯಸ್ಸಿನಿಂದ ಬಾಯಲ್ಲಿ, 10ರ ಸುಮಾರಿಗೆ ಬರಹದಲ್ಲಿ. ಪ್ರಶ್ನೋತ್ತರದ ಕಾಟವಿಲ್ಲ.

ಇದನ್ನು ಆಮದು ಮಾಲೆಂದು ನಾವು ಬೆರಗಾಗಬೇಕಿಲ್ಲ. ಕರಾವಳಿ, ಮಲೆನಾಡಿನ ತಾಳಮದ್ದಳೆಯಲ್ಲಿ ಭಾಗವತರು ಪದ್ಯ ಹಾಡಿದ ಮೇಲೆ ಅರ್ಥಧಾರಿ ಅದೇ ಸಂದರ್ಭವನ್ನು ಆಗಿಂದಾಗಲೇ ತನ್ನ ಮಾತಿನಲ್ಲಿ ಕಟ್ಟುತ್ತಾನೆ. ಗಮಕದಲ್ಲಿ ವಾಚನ ಒಬ್ಬರದು, ವ್ಯಾಖ್ಯಾನ ಇನ್ನೊಬ್ಬರದು. ಕೇಳಿದ್ದನ್ನು ತನ್ನದಾಗಿಸಿಕೊಂಡು ಹೇಳುವ ವಿದ್ಯೆ ನಮ್ಮಲ್ಲಿ ಕಲೆಯಾಗಿಯೇ ಬೆಳೆದಿದೆ. 9 ವರ್ಷದ ಮಗುವನ್ನು ಒಂದು ಸಂಜೆ ತಾಳಮದ್ದಳೆಗೆ ಕರೆದುಕೊಂಡು ಹೋಗಿ. ಮಾರನೆಯ ದಿನ ‘ಕರ್ಣನ ಅರ್ಥ ನೀನು ಹೇಳು, ಕೃಷ್ಣನದು ನಾನು ಹೇಳುತ್ತೇನೆ’ ಎನ್ನಿ. ಮಾತಿನ ಪಾಠ ಅಲ್ಲಿಂದಲೇ ಶುರುವಾಗುತ್ತದೆ.

8ರಿಂದ 11ರ ಈ ಘಟ್ಟಕ್ಕೆ ಕನ್ನಡದಲ್ಲಿ ಸರಕು ಬೇಕಾದಷ್ಟಿದೆ. ಇಂಗ್ಲಿಷ್ ಕವಿ ಬ್ರೌನಿಂಗನ ಕವಿತೆಯನ್ನು ಪೂರ್ತಿ ನಮ್ಮ ಊರಿನದೇ ಆಗಿಸಿದ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’, ಎ.ಆರ್. ಕೃಷ್ಣಶಾಸ್ತ್ರಿಗಳ ‘ವಚನ ಭಾರತ’. ರಾಷ್ಟ್ರೋತ್ಥಾನದ ಭಾರತ ಭಾರತಿ ಮಾಲೆಯ ಕಿರುಪುಸ್ತಕಗಳು. ವೈದೇಹಿಯವರ ಮಕ್ಕಳ ನಾಟಕಗಳು. ಕಥೆಯಷ್ಟೇ ಸಾಲದು, ವಿಷಯಜ್ಞಾನದ ಗದ್ಯವೂ ಬೇಕು. ಶಿವರಾಮ ಕಾರಂತರು 1936ರಲ್ಲೇ ಮಕ್ಕಳಿಗಾಗಿ ‘ಬಾಲ ಪ್ರಪಂಚ’ವನ್ನು ಮೂರು ಸಂಪುಟಗಳಲ್ಲಿ ಒಬ್ಬರೇ ಬರೆದರು. ಅದರಲ್ಲಿನ ಮಾಹಿತಿ ಇಂದು ಹಳತಾಗಿದೆ; ಆದರೆ ವಿಜ್ಞಾನವನ್ನು ಮಗುವಿಗೆ ಕನ್ನಡದಲ್ಲಿ ಹೇಳಬಹುದು ಎಂಬ ಧೈರ್ಯ ಹಳತಾಗಿಲ್ಲ. ಮನೆಶಾಲೆಯಲ್ಲಿ ವಿಜ್ಞಾನವೆಲ್ಲ ಇಂಗ್ಲಿಷಿನಲ್ಲಿ, ಕನ್ನಡದಲ್ಲಿ ಬರೀ ನೀತಿಕಥೆ ಎಂದಾದರೆ, ಮಗುವಿನ ಕನ್ನಡ ಬಾಲಭಾಷೆಯಾಗಿಯೇ ಉಳಿಯುತ್ತದೆ. ತಿಂಗಳಿಗೊಂದಾದರೂ ಹಕ್ಕಿ, ಕೀಟ, ಗ್ರಹಣ, ನೀರಿನ ಬಗ್ಗೆ ಕನ್ನಡದ ಓದು ಇರಲೇಬೇಕು.

ಒಂದು ಕೃತಿ, ಒಂದು ವಾರ

ಪಾಠಕ್ರಮ ಸಮಗ್ರವಾಗಿರಬೇಕು ಎಂದಾಗ ಅನೇಕರು ಓದಿಗೊಂದು ಪುಸ್ತಕ, ವ್ಯಾಕರಣಕ್ಕೊಂದು, ಕಾಗುಣಿತಕ್ಕೊಂದು, ರಚನೆಗೊಂದು ಎಂದು ಕೂಡಿಸುತ್ತಾರೆ. ನನ್ನ ಸಲಹೆ ಇದಕ್ಕೆ ವಿರುದ್ಧ. ವಾರಕ್ಕೆ ಒಂದೇ ಕೃತಿ ಹಿಡಿದು ಆಲಿಸುವುದು, ಮಾತು, ಓದು, ಬರಹ ನಾಲ್ಕನ್ನೂ ಅದರಿಂದಲೇ ತೆಗೆಯಿರಿ. ಜನಪದರ ‘ಗೋವಿನ ಹಾಡು’ ಇಟ್ಟುಕೊಂಡು 9 ವರ್ಷದ ಮಗುವಿನ ಒಂದು ವಾರವನ್ನು ಕಟ್ಟಿ ತೋರಿಸುತ್ತೇನೆ.

ಸೋಮವಾರ ಹಿರಿಯರು ಪೂರ್ತಿ ಹಾಡಿ ಅಥವಾ ಓದಿ ಹೇಳುವುದು. ಅರ್ಥ ಹೇಳುವುದು, ನೀತಿ ಹೇಳುವುದು ಆ ದಿನ ಬೇಡ. ಮಂಗಳವಾರ ಮಗು ಕಥೆಯನ್ನು ಹೇಳುವುದು. ಒಂದು ಸಲ ಪುಣ್ಯಕೋಟಿಯ ಕಡೆಯಿಂದ, ಇನ್ನೊಂದು ಸಲ ಹುಲಿಯ ಕಡೆಯಿಂದ. ಬುಧವಾರ ಒಂದು ಭಾಗವನ್ನು ಮಗು ತಾನೇ ಗಟ್ಟಿಯಾಗಿ ಓದುವುದು, ತಿಳಿಯದ ಪದಗಳನ್ನು ಗುರುತಿಸಿ ನಿಘಂಟು ತೆರೆಯುವುದು. ಗುರುವಾರ ನಾಲ್ಕು ಸಾಲು ನೋಡಿ ಬರೆದು, ಆಮೇಲೆ ಅದನ್ನೇ ಉಕ್ತಲೇಖನ ತೆಗೆದುಕೊಳ್ಳುವುದು. ತಪ್ಪಾದ ಪದಗಳೇ ಮುಂದಿನ ವಾರದ ಕಾಗುಣಿತದ ಪಾಠ. ಶುಕ್ರವಾರ ತಾಯಿ ಕರುವನ್ನು ಬೀಳ್ಕೊಳ್ಳುವ ಸನ್ನಿವೇಶವನ್ನು ಅಭಿನಯಿಸುವುದು. ಶನಿವಾರ ಐದಾರು ವಾಕ್ಯ ಸ್ವಂತ ಬರಹ: ಹುಲಿ ಮಾಡಿದ್ದು ಸರಿಯೇ, ನೀನಾಗಿದ್ದರೆ ಏನು ಮಾಡುತ್ತಿದ್ದೆ. ದಿನಕ್ಕೆ ಒಂದು ಗಂಟೆ ಮೀರುವುದಿಲ್ಲ. ಬೇಕಾದ ಸಾಮಗ್ರಿ ಒಂದು ಹಾಡು, ಒಂದು ನೋಟ್‌ಬುಕ್ಕು, ಒಂದು ನಿಘಂಟು.

ವರ್ಷಕ್ಕೆ 36 ವಾರ ಹೀಗೆ ನಡೆದರೆ 36 ಕೃತಿ. ಅದರಲ್ಲಿ ಪದ್ಯ, ಕಥೆ, ವಿಷಯಗದ್ಯ, ನಾಟಕ, ಪತ್ರ ಮತ್ತು ಪತ್ರಿಕೆಯ ಸುದ್ದಿ ಎಲ್ಲಕ್ಕೂ ಪಾಲು ಹಂಚಿ. ವರ್ಷದ ಯೋಜನೆ ಅಂದರೆ ಈ 36 ಹೆಸರುಗಳ ಪಟ್ಟಿಯನ್ನು ಮೇ ತಿಂಗಳಲ್ಲೇ ಬರೆದು ಗೋಡೆಗೆ ಅಂಟಿಸುವುದು. ಉಳಿದ ವಾರಗಳು ಹಬ್ಬಕ್ಕೆ, ಊರಿಗೆ, ಜ್ವರಕ್ಕೆ.

ನಾಲ್ಕನೇ ಘಟ್ಟ: ಬರಹ, ವ್ಯಾಕರಣ

11ರಿಂದ 14. ಈಗ ವ್ಯಾಕರಣಕ್ಕೆ ಹೆಸರು ಕೊಡುವ ಕಾಲ. ಅದಕ್ಕಿಂತ ಮೊದಲು ಹೆಸರು ಕೊಟ್ಟರೆ ಬಾಯಿಪಾಠವಾಗುತ್ತದೆ. ಮಗು ತನ್ನ ಮಾತಿನಲ್ಲಿ ‘ಮನೆಯಲ್ಲಿ’, ‘ಊರಲ್ಲಿ’, ‘ಮಳೆಗಾಲ’ ಎಂದು ಎಷ್ಟೋ ವರ್ಷದಿಂದ ಹೇಳುತ್ತಿದೆ. ‘ಮನೆ’ಗೆ ‘ಅಲ್ಲಿ’ ಸೇರಿದಾಗ ಯಕಾರ ಬಂತು, ‘ಊರು’ ಎಂಬುದಕ್ಕೆ ಸೇರಿದಾಗ ಉಕಾರ ಹೋಯಿತು, ‘ಕಾಲ’ದ ಕಕಾರ ಗಕಾರವಾಯಿತು ಎಂಬುದನ್ನು ಅದೇ ಪತ್ತೆಮಾಡಲಿ. ಆಮೇಲೆ ಆಗಮ, ಲೋಪ, ಆದೇಶ ಎಂಬ ಹೆಸರು ಕೊಡಿ. ಹೆಸರು ಆಗ ಹೊರೆಯಾಗುವುದಿಲ್ಲ. ಹಿರಿಯರಿಗೆ ಅನುಮಾನ ಬಂದಾಗ ನೋಡಿಕೊಳ್ಳಲು ತೀ.ನಂ. ಶ್ರೀಕಂಠಯ್ಯನವರ ‘ಕನ್ನಡ ಮಧ್ಯಮ ವ್ಯಾಕರಣ’ ಮನೆಯಲ್ಲಿರಲಿ.

ಛಂದಸ್ಸನ್ನೂ ಕಿವಿಯಿಂದಲೇ ಕಲಿಸಬೇಕು. ಕುಮಾರವ್ಯಾಸನ ಭಾಮಿನಿ ಷಟ್ಪದಿಯನ್ನು ಗಮಕಿಗಳಿಂದ ಕೇಳಿ, ಮೂರು ನಾಲ್ಕು, ಮೂರು ನಾಲ್ಕು ಎಂದು ತಾಳ ಹಾಕಿದ ಮಗುವಿಗೆ ಪ್ರಸ್ತಾರ ಹಾಕುವುದು ಆಟ. ಕಿವಿಗೆ ಕೇಳಿಸದೆ ಗುರು ಲಘು ಬರೆಸಿದರೆ ಅದು ಲೆಕ್ಕ.

ಈ ವಯಸ್ಸಿನ ಓದಿಗೆ ಗೊರೂರರ ‘ಹಳ್ಳಿಯ ಚಿತ್ರಗಳು’, ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’, ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’, ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕತೆ’, ‘ಕರ್ವಾಲೊ’ ಇವೆ. ಇವನ್ನು ಓದಿದ ಮಗು ಅದೇ ಬಗೆಯಲ್ಲಿ ತನ್ನ ಬೀದಿಯನ್ನು, ತನ್ನ ಅಂಗಳದ ಗಿಡವನ್ನು ಬರೆಯಲಿ. ಜೊತೆಗೆ ಲೋಕದ ಬರಹವೂ ಬೇಕು: ಪಂಚಾಯಿತಿಗೆ ಒಂದು ಅರ್ಜಿ, ಪತ್ರಿಕೆಗೆ ಒಂದು ವಾಚಕರ ಪತ್ರ, ಅಜ್ಜನಿಗೆ ಒಂದು ಕಾಗದ. ಅಂಚೆಗೆ ಹಾಕುವ ಕಾಗದವನ್ನು ಮಗು ಎರಡು ಸಲ ತಿದ್ದುತ್ತದೆ; ಅಮ್ಮ ನೋಡಿ ಮುಚ್ಚಿಡುವ ಪ್ರಬಂಧವನ್ನು ಒಂದು ಸಲವೂ ತಿದ್ದುವುದಿಲ್ಲ.

ಇಂಗ್ಲಿಷು, ಇತರ ಮನೆಮಾತುಗಳು

ಇಷ್ಟೆಲ್ಲ ಕನ್ನಡವಾದರೆ ಇಂಗ್ಲಿಷಿನ ಗತಿಯೇನು ಎಂದು ಕೇಳುವವರಿದ್ದಾರೆ. ಮೊದಲ ಭಾಷೆಯಲ್ಲಿ ಗಟ್ಟಿಯಾದ ಓದುಬರಹದ ಶಕ್ತಿ ಎರಡನೆಯ ಭಾಷೆಗೆ ಹರಿಯುತ್ತದೆ ಎಂದು ಕೆನಡಾದ ಜಿಮ್ ಕಮಿನ್ಸ್ 1979ರಲ್ಲಿ ವಾದಿಸಿದರು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಸಾಧ್ಯವಿದ್ದಲ್ಲೆಲ್ಲ ಕನಿಷ್ಠ 5ನೇ ತರಗತಿಯವರೆಗೆ ಮನೆಮಾತಿನಲ್ಲಿ ಕಲಿಸಬೇಕೆನ್ನುವುದೂ ಈ ತಿಳಿವಳಿಕೆಯ ಮೇಲೆಯೇ. ಕಥೆಯನ್ನು ಕ್ರಮವಾಗಿ ಹೇಳುವುದು, ಮುಖ್ಯವಾದದ್ದನ್ನು ಹೆಕ್ಕುವುದು, ಕಾರಣ ಕೊಡುವುದು, ಇವನ್ನು ಕನ್ನಡದಲ್ಲಿ ಒಮ್ಮೆ ಕಲಿತರೆ ಇಂಗ್ಲಿಷಿನಲ್ಲಿ ಮತ್ತೆ ಮೊದಲಿಂದ ಕಲಿಯಬೇಕಿಲ್ಲ. ಇಂಗ್ಲಿಷಿನ ಕಥೆಗಳನ್ನು ಚಿಕ್ಕಂದಿನಿಂದಲೇ ಕೇಳಿಸಿ. ಎರಡು ಲಿಪಿಗಳನ್ನು ಮಾತ್ರ ಒಂದೇ ತಿಂಗಳಲ್ಲಿ ಹಿಡಿಸಬೇಡಿ. ಒಂದರಲ್ಲಿ ಓದು ಸ್ವಲ್ಪ ಸಲೀಸಾದ ಮೇಲೆ ಇನ್ನೊಂದು.

ಕರ್ನಾಟಕದ ಎಲ್ಲ ಮನೆಗಳ ಮಾತು ಕನ್ನಡವಲ್ಲ. ತುಳು, ಕೊಂಕಣಿ, ಕೊಡವ, ಬ್ಯಾರಿ, ಉರ್ದು, ಲಂಬಾಣಿ, ತೆಲುಗು ಮನೆಗಳಿವೆ. ಅಲ್ಲಿ ಮೊದಲ ಘಟ್ಟದ ಕಿವಿ, ನಾಲಿಗೆಯ ಕೆಲಸ ಆ ಮನೆಮಾತಿನಲ್ಲೇ ನಡೆಯಬೇಕು. ತುಳು, ಕೊಡವ, ಇಲ್ಲಿನ ಕೊಂಕಣಿ ಹೆಚ್ಚಾಗಿ ಕನ್ನಡ ಲಿಪಿಯಲ್ಲೇ ಬರೆಯಲ್ಪಡುತ್ತಿರುವುದು ಒಂದು ಅನುಕೂಲ. ಮಗು ಕನ್ನಡ ಅಕ್ಷರದಲ್ಲಿ ಓದುವ ಮೊದಲ ಪದ ಅದರ ಅಜ್ಜಿಯ ತುಳು ಪದವೇ ಆಗಿರಲಿ. ಹೊರದೇಶದಲ್ಲಿ ವಾರಾಂತ್ಯದ ಕನ್ನಡ ತರಗತಿ ನಡೆಸುವವರಿಗೂ ಈ ನಾಲ್ಕು ಘಟ್ಟಗಳ ಕ್ರಮ ಒಗ್ಗುತ್ತದೆ. ಅಲ್ಲಿ ಮೊದಲ ಘಟ್ಟವನ್ನು ಇನ್ನಷ್ಟು ಉದ್ದ ಮಾಡಬೇಕಷ್ಟೆ.

ಅಳತೆ

ಅಂಕವಿಲ್ಲದೆ ಪ್ರಗತಿಯನ್ನು ತಿಳಿಯುವುದು ಹೇಗೆ? ಮೂರು ದಾಖಲೆ ಸಾಕು. ಓದಿದ ಪುಸ್ತಕಗಳ ಪಟ್ಟಿ, ತಾರೀಖಿನ ಸಮೇತ. ತಿಂಗಳಿಗೊಂದು ಸ್ವಂತ ಬರಹ, ತಿದ್ದದೆ ಹಾಗೇ ಇಟ್ಟದ್ದು. ಮೂರು ತಿಂಗಳಿಗೊಮ್ಮೆ ಫೋನಿನಲ್ಲಿ ರೆಕಾರ್ಡು ಮಾಡಿದ ಎರಡು ನಿಮಿಷದ ಗಟ್ಟಿ ಓದು. ಜೂನಿನದನ್ನು ಡಿಸೆಂಬರಿನದರ ಜೊತೆ ಇಟ್ಟು ಕೇಳಿದರೆ ಯಾರೂ ವಿವರಿಸಬೇಕಾಗಿಲ್ಲ. ರಾಜ್ಯದ ಪಠ್ಯಪುಸ್ತಕಗಳು ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ; ಅದೇ ವಯಸ್ಸಿನ ಮಕ್ಕಳು ಎಲ್ಲಿದ್ದಾರೆಂದು ತಿಳಿಯಲು ವರ್ಷಕ್ಕೊಮ್ಮೆ ಅವನ್ನು ಓದಿಸಿ ನೋಡಿ. ಅವನ್ನು ಕಡೆಗಣಿಸುವುದು ಜಾಣತನವಲ್ಲ.

ಎರಡು ಆಕ್ಷೇಪ

ಮನೆಯಲ್ಲಿ ಕಲಿಯುವ ಮಗು ಒಂಟಿ ಎಂಬುದು ಮೊದಲ ಆಕ್ಷೇಪ. ಭಾಷೆಯ ಮಟ್ಟಿಗೆ ಇದು ನಿಜವಾದ ಅಪಾಯ. ಅಮ್ಮನೊಬ್ಬಳೇ ಕೇಳುವವಳಾದರೆ ಮಗು ಅರ್ಧ ವಾಕ್ಯದಲ್ಲಿ ಮಾತು ಮುಗಿಸುತ್ತದೆ, ಉಳಿದರ್ಧ ಅಮ್ಮನಿಗೆ ಗೊತ್ತಿರುತ್ತದೆ. ಅಪರಿಚಿತರಿಗೆ ಹೇಳುವಾಗಲೇ ಪೂರ್ಣ ವಾಕ್ಯ ಹುಟ್ಟುವುದು. ಆದ್ದರಿಂದ ವಾರಕ್ಕೊಮ್ಮೆಯಾದರೂ ಮೂರು ನಾಲ್ಕು ಮನೆಯ ಮಕ್ಕಳು ಸೇರಿ ಓದುವ, ನಾಟಕ ಕಟ್ಟುವ ಏರ್ಪಾಡು ಪಾಠಕ್ರಮದ ಭಾಗವಾಗಬೇಕು. ಮೈಸೂರಿನ ರಂಗಾಯಣದ ಚಿಣ್ಣರ ಮೇಳದಂಥ ಬೇಸಿಗೆ ಶಿಬಿರ ಹತ್ತಿರವಿದ್ದರೆ ಬಿಡಬೇಡಿ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿದೆ. ಮನೆಶಾಲೆಯ ಮಗು ಊರಿನ ಮಕ್ಕಳ ಜೊತೆ ಅಲ್ಲಿ ಕೂತು ಓದಲಿ.

ಎರಡನೆಯದು ಇನ್ನೂ ಗಂಭೀರ. ಮನೆಯಲ್ಲಿ ಒಬ್ಬರಿಗೆ ಇಡೀ ದಿನದ ಬಿಡುವಿರುವವರಿಗೆ ಮಾತ್ರ ಈ ದಾರಿ ಸಾಧ್ಯ, ಆ ಒಬ್ಬರು ಹೆಚ್ಚಿನ ಮನೆಗಳಲ್ಲಿ ತಾಯಿ. ನಾನು ಈವರೆಗೆ ಹೇಳಿದ ಗಂಟೆಗಳೆಲ್ಲ ಅವಳ ಅಡುಗೆ, ಬಟ್ಟೆ, ಕೆಲವೊಮ್ಮೆ ಅವಳ ನೌಕರಿಯ ಮೇಲೆ ಸೇರುತ್ತವೆ. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಪಾಠಕ್ರಮ ಮೂರು ತಿಂಗಳಲ್ಲಿ ನಿಲ್ಲುತ್ತದೆ. ರಾತ್ರಿಯ ಗಟ್ಟಿ ಓದು ತಂದೆಯ ಪಾಲಿಗೆ, ಮರುಹೇಳಿಕೆ ಕೇಳುವುದು ಅಜ್ಜ ಅಜ್ಜಿಯ ಪಾಲಿಗೆ, ಉಕ್ತಲೇಖನ ತಾಯಿಯ ಪಾಲಿಗೆ ಎಂದು ಹೆಸರು ಬರೆದೇ ವೇಳಾಪಟ್ಟಿ ಮಾಡಬೇಕು.

ಮುಗಿಸುವ ಮುನ್ನ

ಮನೆಶಾಲೆಯವರು ಈ ನಾಡಿನಲ್ಲಿ ಬಹಳ ಕಡಿಮೆ. ಅವರಿಗಾಗಿ ಇಷ್ಟು ಹೊತ್ತು ಏಕೆ ಮಾತಾಡಿದೆನೆಂದರೆ, ಇಲ್ಲಿ ಹೇಳಿದ ಮುಕ್ಕಾಲು ಪಾಲು ಶಾಲೆಗೆ ಹೋಗುವ ಮಕ್ಕಳ ಮನೆಗಳಿಗೂ ಸಲ್ಲುತ್ತದೆ. ಇಂಗ್ಲಿಷ್ ಮಾಧ್ಯಮಕ್ಕೆ ಹೋಗಿಬರುವ ಮಗುವಿಗೂ ಕನ್ನಡ ತಾನಾಗೇ ಬರುವುದಿಲ್ಲ. ಮಾಧ್ಯಮದ ಆಯ್ಕೆ ತಂದೆತಾಯಿಯದೆಂದು ಸುಪ್ರೀಂ ಕೋರ್ಟು 2014ರಲ್ಲಿ ತೀರ್ಪು ಕೊಟ್ಟಿತು. ಆಯ್ಕೆ ನಮ್ಮದಾದ ಮೇಲೆ ಹೊಣೆಯೂ ನಮ್ಮದೇ.

ಪ್ರಕಾಶಕರಲ್ಲಿ ನನ್ನ ಬೇಡಿಕೆ: ಒಂದು ಗುಂಪಿನ ಅಕ್ಷರಗಳಷ್ಟರಲ್ಲೇ ಬರೆದ, ಮೆಟ್ಟಿಲು ಮೆಟ್ಟಿಲಾಗಿ ಏರುವ ಕನ್ನಡ ಕಥೆಪುಸ್ತಕಗಳ ಸರಣಿ ತನ್ನಿ, ಅವುಗಳ ಧ್ವನಿಮುದ್ರಣವನ್ನೂ ಕೊಡಿ. ಕನ್ನಡದ ಮೇಷ್ಟ್ರುಗಳಲ್ಲಿ: ನಿಮ್ಮ ಬೀದಿಯಲ್ಲಿ ಇಂಥ ಒಂದು ಮನೆಯಿದ್ದರೆ ತಿಂಗಳಿಗೊಮ್ಮೆ ಹೋಗಿ ಆ ಮಗುವಿನ ಓದು ಕೇಳಿ. ತಂದೆತಾಯಿಗಳಲ್ಲಿ: ಮನೆಗೆ ಹೋದ ಮೇಲೆ ಒಂದು ಹಾಳೆ ತೆಗೆದುಕೊಂಡು ಮುಂದಿನ ನಾಲ್ಕು ವಾರಕ್ಕೆ ನಾಲ್ಕು ಕನ್ನಡ ಕೃತಿಗಳ ಹೆಸರು ಬರೆಯಿರಿ, ಯಾವುದನ್ನು ಯಾರು ಓದಿ ಹೇಳುತ್ತೀರೆಂದೂ ಬರೆಯಿರಿ. ನಿಮ್ಮ ಮಗುವಿನ ಕನ್ನಡದ ಪಾಠಕ್ರಮ ಅಲ್ಲಿಗೆ ಆರಂಭವಾದಂತೆ.